ಕಂಡ್ತು

ಡಾಕ್ಟರ್ ಜ್ಞಾನಮುತ್ತು ವೇಲೂರಿನಿಂದ ಬಂದಿದ್ದರು,
ಕೌಲ್ ಬಜಾರಿನ ಚರ್ಚ್ ಕಾಂಪೌಂಡಿನಲ್ಲಿ ಮೂರು ಸಂಜೆ,
ನಂಬಿಕೆಗೆ ಎದುರಾಗುವ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಲು.
ಅವರ ಇಂಗ್ಲಿಷಿಗೆ ನಾನು ಕನ್ನಡ.
ಒಂದೇ ಮೈಕು. ಅವರು ಉಸಿರೆಳೆದುಕೊಳ್ಳುವಾಗ ನನ್ನ ಸರದಿ.

ಇಪ್ಪತ್ತಾರು ವರ್ಷದಿಂದ ಇದೇ.
ಹಗಲು ಜಿಲ್ಲಾ ಕೋರ್ಟಿನ ಭಾಷಾಂತರಕಾರ:
ಬಳ್ಳಾರಿಯವರು ಅತ್ತದ್ದನ್ನು, ಬೈದದ್ದನ್ನು, ಆಣೆ ಹಾಕಿದ್ದನ್ನು
ಧಾರವಾಡದ ಪೀಠಕ್ಕೆ ಇಂಗ್ಲಿಷಿನಲ್ಲಿ ಇಳಿಸುವವನು,
ದಿನಕ್ಕೆ ಇಷ್ಟು ಪುಟ.
ಸಂಜೆ, ಕರೆದರೆ, ದೇವರ ಪರ ವಕೀಲರಿಗೆ ನಾಲಗೆ.
ಎಂಥೆಂಥವರಿಗೆ ಆಡಿದ್ದೇನೆ!
ಒಬ್ಬರು ಗಡಿಯಾರ ಬಿಚ್ಚಿ ತೋರಿಸುತ್ತಿದ್ದರು,
ಮಾಡಿದವನಿಲ್ಲದೆ ಇದಾಗುವುದೇ, ಎಂದು;
ಮರಳಿ ಜೋಡಿಸಲು ಅವರಿಗೆ ಬರುತ್ತಿರಲಿಲ್ಲ.

ನಮ್ಮಲ್ಲಿ ಸಾಕ್ಷಿ ಹೇಳುವುದು ಎರಡು ಥರ.
ಭಾನುವಾರದ ಸಾಕ್ಷಿಗೆ ಆಮೆನ್,
ಸೋಮವಾರದ ಸಾಕ್ಷಿಗೆ ಪಾಟೀಸವಾಲು.

ಎರಡನೆಯ ಸಂಜೆ ಖಾಲಿ ಸಮಾಧಿಯ ವಿಷಯ.
ಗುಡ್ಡ ಇನ್ನೂ ಹಗಲಿನ ಕಾವು ಬಿಡುತ್ತಿತ್ತು,
ಡಾಕ್ಟರ ಬಿಳಿ ಪ್ಯಾಂಟಿಗೆ ಅದಿರಿನ ಕೆಂಧೂಳು.
‘ಮೊದಲು ಹೋಗಿ ಕಂಡವರು ಯಾರು? ಹೆಂಗಸರು.
ಆ ಕಾಲದ ನ್ಯಾಯಸ್ಥಾನದಲ್ಲಿ ಹೆಂಗಸಿನ ಮಾತಿಗೆ ಕವಡೆ ಬೆಲೆಯಿಲ್ಲ.
ಕಟ್ಟಿದ ಕಥೆಯಾಗಿದ್ದರೆ, ಯಾರೂ ನಂಬದವರನ್ನೇ
ಹುಡುಕಿ ಕಟಕಟೆಗೆ ತರುತ್ತಿದ್ದರೇ?’
ಒಳ್ಳೆಯ ವಾದ. ದನಿ ಏರಿಸಿ ಹೇಳಿದೆ.
ಕವಡೆ ನನ್ನದೇ ಸೇರ್ಪಡೆ.

ಹೆಂಗಸರ ಸಾಲಿನ ಕೊನೆಗೆ ದೀನಮ್ಮ ಎದ್ದಳು.
ಜೀನ್ಸ್ ತೊಳೆದು ತೊಳೆದು ಮೊಣಕೈ ತನಕ ಹತ್ತಿದ ನೀಲಿ,
ಎಷ್ಟು ಉಜ್ಜಿದರೂ ಹೋಗದ್ದು.
‘ಅಲ್ರೀ, ಯಾರೂ ನಂಬಲಿಲ್ಲಂತ ಅವರ ಮಾತು ಖರೆ ಆತಂದ್ರ,
ನಂದೂ ಯಾರೂ ನಂಬಲಿಲ್ಲ.
ಹಂಗಾರ ನಂದೂ ಖರೆ ಏನ್ರಿ?’

ಜನ ನಕ್ಕರು. ನನಗೆ ಫೈಲು ಗೊತ್ತಿತ್ತು.
ರಾತ್ರಿ ಪಾಳಿ. ಬಾಯ್ಲರ್ ಬೆಂಕಿ. ಒಳಗೆ ಇಬ್ಬರು ಹುಡುಗಿಯರು.
ಕೆಳಗಿನ ಕೋರ್ಟಿನಲ್ಲಿ ಇವಳು ಹೇಳಿದ್ದು ಒಂದೇ ಸಾಲು:
‘ಮೇಸ್ತ್ರಿ ಹೊರಗಿಂದ ಬೀಗ ಹಾಕಿದ್ದು ನನಗ ಕಂಡ್ತು.’

ಕಂಡ್ತು.
ನಮ್ಮ ಕಡೆ ಅದು ಕಣ್ಣಿನ ಮಾತು, ಈ ಗುಡ್ಡದಷ್ಟು ಗಟ್ಟಿ.
ಅವತ್ತು ಶುಕ್ರವಾರ, ಹನ್ನೊಂದನೆಯ ಪುಟ,
ಕರೆಂಟು ಹೋಗುವುದರೊಳಗೆ ಮುಗಿಸಬೇಕಿತ್ತು.
ನನ್ನ ಇಂಗ್ಲಿಷಿನಲ್ಲಿ ಅವಳು ನೋಡಲಿಲ್ಲ,
ಅವಳಿಗೆ ಹಾಗೆ ಅನ್ನಿಸಿತು.

ಧಾರವಾಡದಲ್ಲಿ ಎರಡೇ ನಿಮಿಷ: ಸಾಕ್ಷಿಗೇ ಖಾತ್ರಿಯಿಲ್ಲ.
ಮೇಸ್ತ್ರಿ ಈಗಲೂ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾನೆ.

ಎರಡು ಸಂಜೆಯಿಂದ, ಆತ ಕಂಡ, ಅವರಿಗೆ ಕಂಡ,
ಇವರಿಗೂ ಕಂಡ, ಎಂದು ಕೂಗಿದ್ದೆನಲ್ಲ,
ಒಮ್ಮೆಯೂ ‘ಅನ್ನಿಸಿತು’ ಎಂದಿರಲಿಲ್ಲ ನಾನು.

ಡಾಕ್ಟರು ನನ್ನತ್ತ ಬಗ್ಗಿದರು. ಏನಂತೆ?
ಹೇಳಿದೆ, ಅವಳ ಮಾತನ್ನು ಅವಳ ಮಾತಿನಷ್ಟೇ.
ಕೆಟ್ಟವರಲ್ಲ ಅವರು. ಕನ್ನಡಕ ತೆಗೆದು ಒರೆಸಿದರು.
ನಂಬದೆ ಹೋದದ್ದೊಂದೇ ಸಾಲದು ತಂಗಿ,
ಬೇರೆ ಒರೆಗಲ್ಲುಗಳಿವೆ, ಎಂದು
ಒಂದೊಂದೇ ಬೆರಳು ಮಡಚುತ್ತ ಐದನ್ನೂ ಬಿಡಿಸಿದರು.
ಸರಿಯಾದ ಉತ್ತರವೇ.

ಮೈಕು ನನ್ನ ಕೈಗೆ ಬಂತು.
ಐದರಲ್ಲಿ ಒಂದನ್ನೂ ನಾನು ದಾಟಿಸಲಿಲ್ಲ.
‘ದೀನಮ್ಮಾ, ನೀನು ನೋಡಿದ್ದೆ.
ತಪ್ಪು ಬರೆದವನು ನಾನು.’

ಸ್ಪೀಕರ್ ಒಮ್ಮೆ ಕಿರುಚಿ ಸುಮ್ಮನಾಯಿತು.
ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ, ಎಂಬಂತೆ
ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

ಅವಳು ಕೂರಲಿಲ್ಲ.
‘ಅವರಿಗೆ ತಿಳೀಲಿಲ್ಲ, ಸುವಾರ್ತಪ್ಪ.
ಇಂಗ್ಲೀಷಿನ್ಯಾಗ ಹೇಳು.’